ಹಿಡಿಕೆಯಿಲ್ಲದ ವಾಲ್ವ್

ಮಾಮಾ ಮುಂಡಗೋಡದಿಂದ ಟೆಂಪೊ ತಂದು ನಮ್ಮನ್ನು ಕರೆದೊಯ್ಯುವುದು ಭಾನುವಾರ ಎಂದು ನಿಶ್ಚಯವಾಗಿತ್ತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಮನೆಯ ಅರ್ಧ ಸಾಮಾನು ರಟ್ಟಿನ ಪೆಟ್ಟಿಗೆಗಳಲ್ಲಿತ್ತು. ಒಂದೊಂದು ಪೆಟ್ಟಿಗೆಯ ಮೇಲೂ ಒಳಗೇನಿದೆ ಎಂದು ನಾನು ಸ್ಕೆಚ್ ಪೆನ್ನಿನಿಂದ ಬರೆದಿದ್ದೆ: ಸ್ಟೀಲ್ ಡಬ್ಬಿಗಳು, ಹೊದಿಕೆಗಳು, ಲೈನಿಂಗ್ ಬಟ್ಟೆ. ಅಕ್ಷರಗಳು ದುಂಡಗೆ, ಒಂದೇ ಅಳತೆಯಲ್ಲಿದ್ದವು. ಮನಸ್ಸಿಲ್ಲದ ಕೆಲಸವನ್ನು ನಾನು ಹೆಚ್ಚು ಅಚ್ಚುಕಟ್ಟಾಗಿ ಮಾಡುತ್ತೇನೆ.

ಅಪ್ಪ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಟ್ಟು, ಅವ್ವ ಮತ್ತು ನಾನು ಅದೇ ಊರಿನ ಹಳೆಯ ಓಣಿಯೊಂದರಲ್ಲಿ ಬಾಡಿಗೆ ಮನೆ ಹಿಡಿದೆವು. ಒಂದೇ ಕಟ್ಟಡದಲ್ಲಿ ಎರಡು ಮನೆಗಳು. ಮುಂದಿನದು ನಮ್ಮದು, ಹಿಂದಿನದು ಮನೆಯೊಡತಿಯದು. ಒಬ್ಬರೇ ಇರುವ ಆ ಹಿರಿಯ ಹೆಂಗಸನ್ನು ಓಣಿಯವರೆಲ್ಲ ಚಾಚಿ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯುತ್ತೇವೆ. ಅವ್ವ ನಡುಮನೆಯಲ್ಲಿ ಮಷಿನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಾಳೆ. ನಾನು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಜೊಯಿಡಾದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಆ ಕಡೆಗೆ ಬಸ್ಸುಗಳು ಕಡಿಮೆ. ಬೆಳಗಿನದು ತಪ್ಪಿದರೆ ಮೊದಲ ಪಾಠವೂ ತಪ್ಪುತ್ತದೆ. ದಾಂಡೇಲಿಯಿಂದಲೇ ಇಷ್ಟು ಕಷ್ಟವಿರುವಾಗ ಮುಂಡಗೋಡದಲ್ಲಿದ್ದುಕೊಂಡು ಆ ಕೆಲಸ ಮಾಡುವುದು ಸಾಧ್ಯವೇ ಇರಲಿಲ್ಲ. ಅಲ್ಲಿಗೆ ಹೋಗುವುದೆಂದರೆ ನಾನು ಕೆಲಸ ಬಿಡುವುದು ಎಂದೇ ಅರ್ಥ.

ಮಾಮಾ ಅವ್ವನ ಅಣ್ಣ. ಹೊಲ, ಕಾಳುಕಡಿಯ ವ್ಯಾಪಾರ, ಹಣೆಯ ಮೇಲೆ ಒಂದು ದಿನವೂ ತಪ್ಪದ ವಿಭೂತಿ, ಪೇಟೆಯ ಈ ತುದಿಯಿಂದ ಆ ತುದಿಗೆ ಕೇಳುವ ದನಿ. ಪ್ರೀತಿಯ ಮನುಷ್ಯ. ಆದರೆ ಆ ಪ್ರೀತಿ ಪ್ರತಿ ಸಲವೂ ಒಂದೇ ಮಾತಾಗಿ ಹೊರಬರುತ್ತಿತ್ತು. “ಇಬ್ಬರ ಹೆಣ್ಣಮಕ್ಕಳು, ಮನ್ಯಾಗ ಗಂಡಸರಿಲ್ಲ. ಏನರ ಹೆಚ್ಚುಕಡಿಮಿ ಆದ್ರ ಯಾರನ್ನ ಕರೀತೀರಿ? ನಮ್ಮ ಮನಿ ಮ್ಯಾಲಿನ ಖೋಲಿ ಖಾಲಿ ಐತಿ, ಬರ್ರಿ.” ಒಂದೂವರೆ ವರ್ಷ ಅವ್ವ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಹೋದ ತಿಂಗಳು ಫೋನಿನಲ್ಲಿ “ಆತು ಬಿಡಣ್ಣಾ” ಎಂದುಬಿಟ್ಟಳು.

ನಾನೂ ಏನೂ ಹೇಳಲಿಲ್ಲ. ನನಗೆ ಬೇಡ ಎಂದರೆ ಅವ್ವ ನನಗಾಗಿ ಉಳಿಯುತ್ತಾಳೆ. ಹಾಗೆ ಉಳಿಸಿಕೊಂಡ ಮೇಲೆ ಅವಳ ಪ್ರತಿಯೊಂದು ಬೇಸರಕ್ಕೂ ನಾನೇ ಹೊಣೆ. ಅದು ಬೇಡವೆಂದು ಬಾಯಿ ಮುಚ್ಚಿಕೊಂಡು ಪೆಟ್ಟಿಗೆಗಳ ಮೇಲೆ ಬರೆಯುತ್ತ ಹೋದೆ.

ಆ ದಿನಗಳಲ್ಲೇ ನಾನು ಒಂದು ತಪ್ಪು ಮಾಡಿದ್ದೆ. ಅಡುಗೆಮನೆಯ ಗೋಡೆಯ ಮೇಲೆ ಹಾದುಹೋಗುವ ಕಬ್ಬಿಣದ ಪೈಪಿನ ಮೂಲೆಯ ಜೋಡಣೆಯಲ್ಲಿ ನೀರು ಹನಿಯುತ್ತಿತ್ತು. ನಮ್ಮ ಓಣಿಯಲ್ಲಿ ಇಂಥದ್ದಕ್ಕೆಲ್ಲ ಒಂದೇ ಮದ್ದು: ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಜಗ್ಗಿ ಜಗ್ಗಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸುವುದು. ಯಾವ ಮನೆಯ ಹಿತ್ತಲಿಗೆ ಹೋದರೂ ಮೊಣಕಾಲಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಂತೆ ನಿಂತಿರುವ ಒಂದಾದರೂ ಪೈಪು ಕಾಣುತ್ತದೆ. ನಾನೂ ಸುತ್ತಿದೆ, ಮೂರು ಸುತ್ತು. ಹನಿ ನಿಂತಿತು. ಪ್ಲಂಬರನನ್ನು ಕರೆಸಬೇಕೆಂದು ಗೊತ್ತಿತ್ತು. ಹೇಗೂ ಹೋಗುವವರಲ್ಲವೇ ಎಂದು ಕರೆಸಲಿಲ್ಲ. ರಬ್ಬರಿನ ಒಳಗೆ ತುಕ್ಕು ತನ್ನ ಪಾಡಿಗೆ ಪೈಪನ್ನು ತಿನ್ನುತ್ತಲೇ ಇತ್ತು. ನಾನು ಅದನ್ನು ಕಣ್ಣಿಗೆ ಕಾಣದಂತೆ ಮಾಡಿದ್ದೆ, ಅಷ್ಟೇ.

ಶನಿವಾರ ಕಾಲೇಜಿಗೆ ಅರ್ಧ ದಿನ. ಮೂರು ಗಂಟೆಯ ಸುಮಾರಿಗೆ ಊಟ ಮುಗಿಸಿ, ಹೊರಕಟ್ಟೆಯ ಮೇಲೆ ಕುಳಿತು ಇನ್ನೊಂದು ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದೆ. ಅಂದು ನಳಕ್ಕೆ ನೀರು ಬಂದ ದಿನ. ಮಾಳಿಗೆಯ ಮೇಲಿನ ದೊಡ್ಡ ನೀರಿನ ಟಾಕಿ ಬೆಳಿಗ್ಗೆ ತುಂಬಿತ್ತು. ಅವ್ವ ನಡುಮನೆಯಲ್ಲಿ ಕೊನೆಯ ಬ್ಲೌಸಿನ ತೋಳು ಕೂಡಿಸುತ್ತಿದ್ದಳು. ಮಷಿನ್ನಿನ ಮೋಟರಿಗೆ ಕರೆಂಟ್ ಎಳೆದ ಉದ್ದ ವೈರಿನ ಪ್ಲಗ್ ಬೋರ್ಡು ಅಡುಗೆಮನೆಯ ಹೊಸ್ತಿಲಿನ ಪಕ್ಕ ನೆಲದ ಮೇಲಿತ್ತು. ಅದು ಯಾವಾಗಲೂ ಅಲ್ಲೇ ಇರುತ್ತಿತ್ತು.

ಒಳಗೆ ಫಟ್ ಎಂದಿತು. ಕುಕ್ಕರು ಸಿಡಿಯಿತೆಂದುಕೊಂಡೆ. ಮರುಗಳಿಗೆ ಸ್ಟೀಲಿನ ತಾಟುಗಳ ಮೇಲೆ ನೀರು ಬಡಿಯುವ ಸದ್ದು ಕೇಳಿತು.

ಬಾಗಿಲಿಗೆ ಬಂದು ನೋಡಿದೆ. ಗೋಡೆಯ ಪೈಪು ಜೋಡಣೆಯ ಹತ್ತಿರ ಬಾಯಿಬಿಟ್ಟು, ನೀರು ಎದುರಿನ ಗೋಡೆಗೆ ಅಡ್ಡಲಾಗಿ ಹೊಡೆಯುತ್ತಿತ್ತು. ಅದು ಬಡಿದು ಚದುರುತ್ತಿದ್ದುದು ಮಿಕ್ಸರಿನ ಸ್ವಿಚ್ಚುಗಳಿರುವ ಮೂಲೆಯಲ್ಲಿ. ನಾನು ಸುತ್ತಿದ ಟ್ಯೂಬಿನ ಪಟ್ಟಿ ಕೆಳಗೆ ಜೋತಾಡುತ್ತಿತ್ತು. ಅಡುಗೆಮನೆಯ ನೆಲ ತುಂಬಿ, ನೀರು ಹೊಸ್ತಿಲನ್ನು ದಾಟುತ್ತಿತ್ತು. ಅವ್ವ ಬರಿಗಾಲಿನಲ್ಲಿ ಎದ್ದು, ಮಡಿಲಲ್ಲಿದ್ದ ಚಿಂದಿ ಬಟ್ಟೆಯನ್ನೆಲ್ಲ ಹಿಡಿದುಕೊಂಡು ಅತ್ತಲೇ ನಡೆದಿದ್ದಳು.

“ಅವ್ವಾ, ನಿಂದ್ರು!”

ನಾನು ಜೋರಾಗಿ ಮಾತಾಡುವವಳಲ್ಲ. ಆ ದನಿ ನನಗೇ ಹೊಸದು. ಅವ್ವ ಎತ್ತಿದ ಹೆಜ್ಜೆಯನ್ನು ಎತ್ತಿದಲ್ಲೇ ನಿಲ್ಲಿಸಿದಳು.

“ಮುಂದ ಕಾಲ ಇಡಬ್ಯಾಡ. ಮಷಿನ್ನಿಗೆ ಕೈ ಹಚ್ಚಬ್ಯಾಡ. ಹಿಂದಕ ಸರದು ನನ್ನ ಕಡೆ ಬಾ.”

“ಅಯ್ಯ, ನೀರ ನೋಡು ಹೆಂಗ ಹೊಂಟೈತಿ! ಈ ಅರಿವಿ ತುರಕಿದ್ರ ನಿಲ್ಲತೈತಿ...”

“ಬೋರ್ಡ್ ನೆಲದ ಮ್ಯಾಲ ಐತಿ ಅವ್ವಾ. ಅದರಾಗ ಕರೆಂಟ್ ಐತಿ. ನೋಡು.”

ಅವಳು ನೋಡಿದಳು. ನೀರಿನ ನಾಲಗೆ ಪ್ಲಗ್ ಬೋರ್ಡಿಗೆ ತಲುಪಲು ಒಂದು ಗೇಣು ಉಳಿದಿತ್ತು. ಅವ್ವನ ಪಾದದಿಂದ ನೀರಿಗೂ ಅಷ್ಟೇ. ಬಟ್ಟೆಯನ್ನು ಎದೆಗೆ ಒತ್ತಿಕೊಂಡು, ಒಣ ನೆಲದ ಮೇಲೆಯೇ ಹಿಂದಕ್ಕೆ ಹೆಜ್ಜೆ ಇಟ್ಟು ಬಾಗಿಲಿಗೆ ಬಂದಳು. ನಾನು ಅವಳ ರಟ್ಟೆ ಹಿಡಿದು ಕಟ್ಟೆಗೆ ಎಳೆದುಕೊಂಡೆ.

ಮೀಟರು, ಮೇನ್ ಸ್ವಿಚ್ಚು ಎರಡೂ ಹೊರಕಟ್ಟೆಯ ಗೋಡೆಯ ಮೇಲೆ, ಒಣಗಿದ ಜಾಗದಲ್ಲಿದ್ದವು. ಅದು ನಮ್ಮ ಅದೃಷ್ಟ. ಮೇನ್ ಸ್ವಿಚ್ಚು ಒಳಗಿದ್ದಿದ್ದರೆ, ನೀರು ತುಳಿದು ಹೋಗಿ ಅದನ್ನು ಮುಟ್ಟುವ ಬದಲು ನಾನು ಹೊರಗೇ ನಿಂತು ಕರೆಂಟಿನವರಿಗೆ ಫೋನು ಮಾಡಬೇಕಾಗುತ್ತಿತ್ತು. ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡೆ. ಕೈ ಒಣಗಿದೆಯೇ ಎಂದು ನೋಡಿ, ಆದರೂ ಚೂಡಿದಾರಕ್ಕೆ ಒಮ್ಮೆ ಒರೆಸಿ, ಒಂದೇ ಕೈಯಿಂದ ಮೇನ್ ಇಳಿಸಿದೆ. ನಡುಮನೆಯ ಫ್ಯಾನು ನಿಧಾನವಾಗಿ ನಿಂತಿತು. ಅಡುಗೆಮನೆಯ ದೀಪವೂ ಹೋಯಿತು. ಎರಡನ್ನೂ ಕಣ್ಣಾರೆ ನೋಡಿದ ಮೇಲೆಯೇ ಒಳಗೆ ಕಾಲಿಟ್ಟೆ. ಅಷ್ಟರಲ್ಲಿ ನೀರು ಬೋರ್ಡನ್ನು ಮುಳುಗಿಸಿತ್ತು.

ಇನ್ನು ಟಾಕಿ. ಹೊರಗಿನ ಮೆಟ್ಟಿಲು ಹತ್ತಿ ಮಾಳಿಗೆಗೆ ಓಡಿದೆ. ಟಾಕಿಯ ಬುಡದಿಂದ ಎರಡು ಪೈಪು ಹೊರಡುತ್ತವೆ, ಒಂದು ನಮ್ಮ ಮನೆಗೆ, ಒಂದು ಚಾಚಿಯ ಮನೆಗೆ. ಎರಡಕ್ಕೂ ಒಂದೊಂದು ವಾಲ್ವ್. ಆದರೆ ಎರಡರ ಮೇಲೂ ತಿರುಗಿಸುವ ಚಕ್ರವಿರಲಿಲ್ಲ. ಚಕ್ರ ಕೂರುವ ಚೌಕದ ಕಬ್ಬಿಣದ ಮೊಳೆ ಮಾತ್ರ ಬೋಳಾಗಿ ಎದ್ದು ನಿಂತಿತ್ತು. ಬೆರಳಿನಿಂದ ತಿರುಗಿಸಿ ನೋಡಿದೆ. ಚರ್ಮ ತರಚಿತೇ ಹೊರತು ಮೊಳೆ ಅಲುಗಲಿಲ್ಲ.

ಚಾಚಿ ಬೆಳಿಗ್ಗೆಯೇ ಮನೆಗೆ ಕೀಲಿ ಹಾಕಿ, ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಹಳಿಯಾಳಕ್ಕೆ ಹೋಗಿದ್ದರು. ಫೋನು ಹಚ್ಚಿದೆ. ಹಿಂದೆ ಮಂದಿಯ ಗದ್ದಲ.

“ಚಾಚಿ, ಪೈಪ್ ಒಡದೈತ್ರಿ. ವಾಲ್ವಿಗೆ ಹಿಡಿಕಿ ಇಲ್ಲ.”

“ಹ್ಞಾಂ, ಇಲ್ಲ. ನನ್ ಅಡಗಿಮನ್ಯಾಗ ಮೊಳಿಗೆ ತೂಗಹಾಕೇನಿ.”

“ಯಾಕ್ರಿ?”

“ಅಯ್ಯ ಬೇಟಿ, ನಿಮಗಿಂತ ಮೊದ್ಲ ಇದ್ದಾಕಿ ಸಿಟ್ಟ ಬಂದಾಗೊಮ್ಮೆ ಮ್ಯಾಲ ಹತ್ತಿ ನನ್ನ ನೀರ ಬಂದ್ ಮಾಡ್ತಿದ್ಳು. ನಾ ಬಿಡ್ತೇನೇನು? ನಾನೂ ಅಕೀದು ಬಂದ್ ಮಾಡ್ದೆ. ಕಡೀಕ ಎರಡೂ ಚಕ್ರ ಬಿಚ್ಚಿ ಒಳಗ ಇಟ್ಕೊಂಡೆ. ಜಗಳ ಖತಂ!”

“ಕೀಲಿಕೈ?”

“ನನ್ ಕಡೆನ ಐತಿ. ಯಾ ಅಲ್ಲಾ... ಈಗ ಹೊಂಡ್ತೇನಿ, ತಡಿ. ಬಸ್ ಸಿಕ್ರ ತಾಸಿನ್ಯಾಗ ಬರ್ತೇನಿ.”

ಇದು ಚಾಚಿಯೊಬ್ಬರ ಜಾಣತನವಲ್ಲವೆಂದು ಆಮೇಲೆ ತಿಳಿಯಿತು. ನಮ್ಮ ಓಣಿಯಲ್ಲಿ ಒಂದು ಟಾಕಿಗೆ ಎರಡು ಸಂಸಾರಗಳಿರುವ ಕಡೆಯೆಲ್ಲ ವಾಲ್ವುಗಳು ಹೀಗೆಯೇ ಬೋಳು ತಲೆಯಲ್ಲಿ ನಿಂತಿವೆ. ಚಕ್ರಗಳು ಯಾರದೋ ಕಪಾಟಿನಲ್ಲಿ, ಯಾರದೋ ಮಂಚದ ಕೆಳಗೆ. ಶಾಂತಿಯೇನೋ ಇದೆ. ನೀರು ಮಾತ್ರ ಯಾರ ಕೈಯಲ್ಲೂ ಇಲ್ಲ.

ಒಂದು ತಾಸು ಕಾಯುವ ಹಾಗಿರಲಿಲ್ಲ. ಅಷ್ಟರಲ್ಲಿ ತುಂಬಿದ ಟಾಕಿಯೆಲ್ಲ ನಮ್ಮ ಮನೆಯೊಳಗಿರುತ್ತಿತ್ತು. ಕೆಳಗಿಳಿದಾಗ ಅವ್ವ ಪೆಟ್ಟಿಗೆಗಳನ್ನು ಒಂದೊಂದಾಗಿ ಕಟ್ಟೆಗೆ ಸಾಗಿಸುತ್ತಿದ್ದಳು. ಆಗಲೇ ಓಣಿಯ ತಿರುವಿನಲ್ಲಿ ಟೆಂಪೊದ ಹಾರ್ನ್ ಕೇಳಿತು. ಒಂದು ದಿನ ಮೊದಲೇ ಬಂದು, ಸಾಮಾನು ಹೇರಿಕೊಂಡು ನಸುಕಿನಲ್ಲಿ ಹೊರಡೋಣವೆಂದು ಮಾಮಾ ಅಂದೇ ಬಂದಿದ್ದರು.

ಇಳಿದವರೇ ಬಾಗಿಲಿನಲ್ಲಿ ಇಣುಕಿದರು. “ಏನವಾ ಇದು, ಕಾಳಿ ಹೊಳಿ ಮನ್ಯಾಗ ಬಂದೈತಲ್ಲ! ಯಾಕ, ಲೈಟ್ ಯಾಕ ಆರಿಸೀರಿ? ಕತ್ತಲದಾಗ ಏನ ಕಾಣತೈತಿ ತಲಿ?” ಎನ್ನುತ್ತ, ಧೋತರ ಮೇಲಕ್ಕೆ ಕಟ್ಟಿ, ಮೇನ್ ಸ್ವಿಚ್ಚಿಗೆ ಕೈ ಚಾಚಿದರು.

ನಾನು ಅವರಿಗೂ ಮೇನ್ ಸ್ವಿಚ್ಚಿಗೂ ನಡುವೆ ಹೋಗಿ ನಿಂತೆ.

“ಮಾಮಾ, ಅದಕ್ಕ ಕೈ ಹಚ್ಚಬ್ಯಾಡ್ರಿ.”

“ಸರಿ ಅತ್ತಾಗ, ಹುಡುಗಾಟ ಅಲ್ಲ ಇದು.”

“ಅದಕ್ಕ ಹೇಳಾಕತ್ತೇನಿ. ಒಳಗ ಬೋರ್ಡ್ ನೀರಾಗ ಮುಳಗೈತಿ. ನೀವು ಲೈಟ್ ಹಾಕಿದ್ರ ಒಳಗಿದ್ದಾಕಿ ನಿಮ್ಮ ತಂಗಿ.”

ಅವ್ವ ಆಗ ಪಾದ ಮುಳುಗುವ ನೀರಿನಲ್ಲಿ ನಿಂತು ಹೊದಿಕೆಯ ಪೆಟ್ಟಿಗೆ ಎತ್ತುತ್ತಿದ್ದಳು. ಮಾಮಾ ಅವಳನ್ನು ನೋಡಿದರು, ಸ್ವಿಚ್ಚನ್ನು ನೋಡಿದರು. ಚಾಚಿದ ಕೈ ಹಾಗೆಯೇ ಕೆಳಗಿಳಿಯಿತು. ಅವರ ಕೈಯನ್ನು ನಾನು ತಡೆದದ್ದು, ಅವರು ನನ್ನ ಮಾತು ಕೇಳಿ ಸುಮ್ಮನಾದದ್ದು, ಎರಡೂ ಅದೇ ಮೊದಲು.

ಸುಮ್ಮನಾದದ್ದು ಅರ್ಧ ನಿಮಿಷ. “ಹಂಗಾದ್ರ ಅಕೀ ಮನಿ ಕೀಲಿ ಹೊಡದು ಹಾಕೂಣು, ಆ ಹಿಡಿಕಿ ತರೂಣು.”

“ಆ ಕೀಲಿ ಒಡಿಯೂದ್ರಾಗ ಚಾಚಿನ ಬಂದಿರ್ತಾರ. ನಿಮ್ಮ ಟೆಂಪೊದಾಗ ಪಾನಾ ಐತೇನ್ರಿ, ಬಾಯಿ ಹೆಚ್ಚುಕಡಿಮಿ ಮಾಡೂ ಅಂಥಾದ್ದು?”

“ಪಾನಾ ಇಲ್ಲದ ಟೆಂಪೊ ಇರತೈತೇನ ಹುಚ್ಚಿ?” ಎಂದು ಸೀಟಿನ ಕೆಳಗಿನ ಚೀಲ ತೆಗೆದರು. ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಬಹುದಾದ ದೊಡ್ಡ ಪಾನಾ, ಅಂದರೆ ಸ್ಪ್ಯಾನರು, ಒಂದಿತ್ತು. ಅವ್ವನಿಂದ ಕೊಬ್ಬರಿ ಎಣ್ಣೆಯ ಬಾಟಲಿ ಇಸಿದುಕೊಂಡೆ. ಇಬ್ಬರೂ ಮೇಲೆ ಹತ್ತಿದೆವು.

“ಯಾವುದು ನಿಮ್ದು?” ಎಂದರು ಮಾಮಾ.

ಎರಡೂ ಪೈಪಿಗೆ ಒಂದೇ ಬಣ್ಣ, ಎರಡಕ್ಕೂ ಅಷ್ಟೇ ತುಕ್ಕು. ನಾನು ಎರಡರ ಮೇಲೂ ಅಂಗೈ ಇಟ್ಟೆ. ಎಡಗಡೆಯದು ಬಿಸಿಲಿಗೆ ಕಾದು ಸುಮ್ಮನೆ ಮಲಗಿತ್ತು. ಬಲಗಡೆಯದು ತಣ್ಣಗಿತ್ತು, ಒಳಗೆ ಹರಿಯುವ ನೀರಿಗೆ ಸಣ್ಣಗೆ ನಡುಗುತ್ತಿತ್ತು.

“ಇದು.”

ಮಾಮಾ ಪಾನಾ ಕೂರಿಸಿ, ತೋಳು ಏರಿಸಿ, ಮೈಯ ಭಾರವೆಲ್ಲ ಹಾಕಲು ಬಾಗಿದರು. ಅವರ ತೋಳಿನ ಬಲ ನನಗೆ ಗೊತ್ತಿತ್ತು. ಕಾಳಿನ ಚೀಲವನ್ನು ಒಬ್ಬರೇ ಎತ್ತಿ ಹಾಕುವವರು.

“ತಡೀರಿ ಮಾಮಾ. ವರ್ಷಗಟ್ಟಲೆ ತಿರುಗಿಲ್ಲ ಅದು. ಒಮ್ಮೆಲೆ ಜಗ್ಗಿದ್ರ ಮೊಳಿ ಮುರೀತೈತಿ. ಮುರದ್ರ ಆತು, ಆಮ್ಯಾಲ ಯಾ ಚಕ್ರ ತಂದ್ರೂ ಬಂದ್ ಆಗೂದಿಲ್ಲ.”

“ಮತ್ತ ಪೂಜಿ ಮಾಡೂಣೇನು ಅದಕ್ಕ?”

“ಎಣ್ಣಿ ಬಿಡೂಣು. ಪಾನಾ ನನಗ ಕೊಡ್ರಿ.”

ಅವರು ಕೊಟ್ಟರು. ಅವರ ಮುಖದಲ್ಲಿದ್ದದ್ದು ನಂಬಿಕೆಯಲ್ಲ. ಹುಡುಗಿ ಸೋತ ಮೇಲೆ ತಾವು ಮಾಡಿದರಾಯಿತು ಎಂಬ ತಾಳ್ಮೆ. ಮೊಳೆಯ ಬುಡಕ್ಕೆ ಎಣ್ಣೆ ಸುರಿದೆ. ಕೆಳಗೆ ನೀರಿನ ಸದ್ದು ಕೇಳುತ್ತಲೇ ಇರುವಾಗ ಎಣ್ಣೆ ಇಳಿಯಲೆಂದು ಕಾಯುವುದು ಆ ಮಧ್ಯಾಹ್ನದ ಅತ್ಯಂತ ಕಷ್ಟದ ಕೆಲಸ. ಪಾನಾದ ಬಾಯಿಯನ್ನು ಮೊಳೆಯ ಎರಡೂ ಮಗ್ಗುಲಿಗೆ ಬಿಗಿಯಾಗಿ ಕೂಡಿಸಿ, ಮೊದಲು ಮುಚ್ಚುವ ಕಡೆಗೆ ಒತ್ತಲಿಲ್ಲ; ತೆರೆಯುವ ಕಡೆಗೆ ಒಂದು ಚೂರು ಒತ್ತಿದೆ. ಏನೂ ಆಗಲಿಲ್ಲ. ಮುಚ್ಚುವ ಕಡೆಗೆ ಒಂದು ಚೂರು. ಮತ್ತೆ ತೆರೆಯುವ ಕಡೆಗೆ. ಪ್ರಯೋಗಶಾಲೆಯಲ್ಲಿ ಬಿಗಿದುಕೊಂಡ ಸ್ಕ್ರೂಗಳನ್ನು ನಾನು ಹೀಗೆಯೇ ಬಿಡಿಸುತ್ತೇನೆ. ಎಂಟೋ ಒಂಬತ್ತೋ ಸಲಕ್ಕೆ ಕೈಯಡಿ ಕಿರ್ ಎಂದಿತು. ಕೂದಲೆಳೆಯಷ್ಟು ತಿರುಗಿತ್ತು.

“ಹೊಳ್ಳಿತು!” ಎಂದರು ಮಾಮಾ. ಅವರು ಮಂಡಿಯೂರಿ ಕುಳಿತು, ಪೈಪು ಅಲುಗದಂತೆ ಎರಡೂ ಕೈಯಿಂದ ಹಿಡಿದಿದ್ದರು. ಯಾವಾಗ ಕುಳಿತರೋ ನಾನು ನೋಡಿರಲಿಲ್ಲ.

ಆಮೇಲೆ ಕಾಲು ಸುತ್ತು, ಎಣ್ಣೆ, ಇನ್ನೊಂದು ಕಾಲು ಸುತ್ತು. ನನ್ನ ಭುಜ ಉರಿಯುತ್ತಿತ್ತು. ಪೈಪಿನ ನಡುಕ ಕಡಿಮೆಯಾಗುತ್ತ ಬಂದದ್ದು ಮೊದಲು ಗೊತ್ತಾದದ್ದು ಮಾಮಾನ ಅಂಗೈಗೆ. “ಸಣ್ಣ ಆತು... ಸಣ್ಣ ಆತು... ಇನ್ನೊಂದೀಟು, ಹ್ಞಾಂ, ಹಾಕು ನಮ್ಮವ್ವಾ, ಹಾಕು” ಎಂದು ಎತ್ತು ಏರಿಯೇರುವಾಗ ಹುರಿದುಂಬಿಸುವವರಂತೆ ಹೇಳತೊಡಗಿದರು. ಕೊನೆಯ ಸುತ್ತು ಒಂದು ಗಟ್ಟಿ ತಡೆಗೆ ಬಂದು ನಿಂತಿತು. ಅಲ್ಲಿಗೆ ನಾನೂ ನಿಲ್ಲಿಸಿದೆ.

ಕೆಳಗಿನಿಂದ ಅವ್ವನ ಕೂಗು ಬಂತು. “ನಿಂತ್ತು! ನಿಂತ್ತವಾ, ನೀರ ನಿಂತ್ತು!”

ನಾನು ಪಾನಾ ಹಿಡಿದುಕೊಂಡೇ ಟಾಕಿಗೆ ಒರಗಿ ಕುಳಿತುಬಿಟ್ಟೆ. ನಕ್ಕೆ ಅನಿಸುತ್ತದೆ. ಮಾಮಾ ಎಣ್ಣೆಯ ಕೈಯಿಂದಲೇ ನನ್ನ ತಲೆ ಸವರಿದರು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಪೈಪಿನಲ್ಲಿ ಉಳಿದದ್ದು ಇಳಿದುಹೋಗಲೆಂದು ಬಚ್ಚಲಿನ ನಳ ತೆರೆದಿಟ್ಟೆವು. ಅವ್ವ ಗೋಣಿಚೀಲ ಹಾಸಿದಳು, ಮಾಮಾ ಕಸಬರಿಗೆ ಹಿಡಿದು ನೀರನ್ನು ಹೊಸ್ತಿಲಾಚೆ ತಳ್ಳಿದರು. ತಮ್ಮ ಮನೆಯಲ್ಲಿ ಅವರು ಕಸಬರಿಗೆ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ನೆಲ ಒರೆಸಿದ ಮೇಲೆ “ಇನ್ನರ ಲೈಟ್ ಹಾಕಲ್ಯಾ, ಬಾಯಾರ?” ಎಂದು ಶಾಲೆಯ ಟೀಚರನ್ನು ಕೇಳುವಂತೆ ನನ್ನನ್ನು ಕೇಳಿದರು.

“ಬ್ಯಾಡ್ರಿ. ಗೋಡ್ಯಾಗಿನ ಸ್ವಿಚ್ಚಿನೊಳಗ ನೀರ ಹೋಗೈತಿ. ನಾಳೆ ಕರೆಂಟಿನವ ಬಂದು ಬಿಚ್ಚಿ ನೋಡೂತನಕ ಮೇನ್ ಹಂಗ ಇರಲಿ.”

“ಕೇಳಿದೇನ ತಂಗಿ? ನನ್ನ ಯಾರೂ ಹಿಂಗ ಗದರಿಸಿಲ್ಲ ನೋಡು ಜನ್ಮದಾಗ.”

“ವೈನಿ ದಿನಾ ಗದರಸ್ತಾಳಲ್ಲ?” ಎಂದಳು ಅವ್ವ.

“ಅದ ಬಿಡು, ಅದ ರೂಢಿ ಆಗೈತಿ.”

ಗ್ಯಾಸಿನ ಮೇಲೆ ಚಹಾ ಆಯಿತು. ಮೂವರೂ ಕಟ್ಟೆಯ ಮೇಲೆ, ಪೆಟ್ಟಿಗೆಗಳ ನಡುವೆ ಕುಳಿತೆವು. ನಾನು ಟ್ಯೂಬಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಇದನ್ನು ಸುತ್ತಿದವಳು ನಾನೇ, ಆಗಲೇ ಪ್ಲಂಬರನನ್ನು ಕರೆಸಬೇಕಿತ್ತು, ಹೋಗುವ ಮನೆ ಎಂದು ಬಿಟ್ಟೆ ಎಂದು ಹೇಳಿದೆ. ಇಬ್ಬರೂ ಬೈಯಲಿಲ್ಲ. ಮಾಮಾ ಚಹಾ ಬಸಿಗೆ ಸುರಿದುಕೊಳ್ಳುತ್ತ, “ಆತು, ಆದದ್ದಾತು. ಮುಂಜಾನೆ ಲಗೂನ ಹೋಗೂಣು” ಎಂದರು.

ಅವ್ವ ತನ್ನ ಕಪ್ಪನ್ನು ಕೆಳಗಿಟ್ಟಳು.

“ಅಣ್ಣಾ, ನಾವು ಬರೂದಿಲ್ಲ.”

“ಏನಂದಿ?”

“ಇಲ್ಲೇ ಇರ್ತೇವಿ.”

“ಇಷ್ಟ ಆದ ಮ್ಯಾಲ? ಇವತ್ತ ಪೈಪ್ ಒಡೀತು, ನಾಳೆ ಮತ್ತೊಂದ ಆದ್ರ?”

“ನಿನ್ನ ಮನ್ಯಾಗ ಪೈಪ್ ಒಡದ್ರ ಯಾರ ಬಂದ್ ಮಾಡ್ತಾರ?”

“ನಾ ಇಲ್ಲೇನು?”

“ವಾಲ್ವ್ ಎಲ್ಲೈತಿ ಹೇಳು, ನೋಡೂಣು.”

ಮಾಮಾ ಮೇಲೆ ನೋಡಿ ಯೋಚಿಸಿದರು. ಮಾತಿನಲ್ಲಿ ಸೋಲುವವರಲ್ಲ, ಫೋನು ತೆಗೆದು ಅತ್ತೆಗೆ ಹಚ್ಚಿದರು. ಸ್ಪೀಕರ್ ಹಾಕುವುದು ಅವರ ಅಭ್ಯಾಸ, ಹಾಕಿದರು.

“ಏ, ನಮ್ಮ ಮನಿ ನೀರ ಬಂದ್ ಮಾಡೂ ವಾಲ್ವ್ ಎಲ್ಲೈತಿ?”

“ಯಾಕ, ದಾಂಡೇಲಿಗೆ ಹೋಗಿ ಅದನ್ಯಾಕ ಕೇಳ್ತೀರಿ? ಆರಾಮ ಅದೀರಿಲ್ಲ?”

“ಹೇಳ ಮೊದ್ಲ.”

“ಎಲ್ಲಿಂದ ಹೇಳ್ಲಿ? ನೆಲಕ್ಕ ಹೊಸಾ ಫರಸಿ ಹಾಕಸಿದಾಗ, ಅಸಹ್ಯ ಕಾಣತೈತಿ ಅಂತ ನೀವ ನಿಂತು ಅದರ ಮ್ಯಾಲ ಫರಸಿ ಕೂಡ್ಸಿದ್ರಲ್ಲ! ಯಾವ ಫರಸಿ ಕೆಳಗ ಐತಿ ಅಂತ ಆ ಗೌಂಡಿನ್ನ ಕೇಳ್ರಿ!”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೂ ನಗು ಹೊರಬಂತು. ಅಪ್ಪ ಹೋದ ಮೇಲೆ ಅವಳು ಮೈ ಅಲುಗುವಂತೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮಾಮಾ ಫೋನು ಕಿಸೆಗೆ ಹಾಕಿಕೊಂಡು, ಬಸಿಯಲ್ಲಿ ಉಳಿದಿದ್ದ ಚಹಾ ಕುಡಿದು ಮುಗಿಸಿದರು. ಕೊನೆಗೆ ನನ್ನ ಕಡೆ ತಿರುಗಿದರು.

“ನಿನ್ನ ಮನಸಿನ್ಯಾಗ ಏನೈತಿ? ನೀ ಒಂದ ಮಾತೂ ಆಡಿಲ್ಲ ಇಷ್ಟ ದಿನ.”

“ನನಗ ಇಲ್ಲೇ ಇರೂದೈತಿ ಮಾಮಾ. ಕೆಲಸ ಬಿಡೂದಿಲ್ಲ.”

ಹೇಳಿದ ಮೇಲೆ ಅದು ಎಷ್ಟು ಚಿಕ್ಕ ವಾಕ್ಯವೆಂದು ನನಗೇ ಆಶ್ಚರ್ಯವಾಯಿತು. ಅವ್ವ ನನ್ನನ್ನು ತಿರುಗಿ ನೋಡಿದಳು.

“ಮತ್ತ ಮೊದಲ ಯಾಕ ಹೇಳಲಿಲ್ಲ? ನಾ ನಿನ್ನ ಸಲುವಾಗಿ ಹ್ಞೂಂ ಅಂದೇನಿ. ಬಸ್ಸು ತಪ್ಪಿ ಒಬ್ಬಾಕಿ ಎಲ್ಲಿ ನಿಂತಿರ್ತೀಯೋ ಅಂತ ದಿನಾ ಜೀವ ಹಿಡ್ಕೊಂಡು ಕೂಡ್ತಿದ್ದೆ. ಇವತ್ತ ನೋಡ್ದೆ. ಎಲ್ಲಿ ನಿಂತ್ರೂ ನಿಂದರ್ತಿ ನೀನು.”

ಬಸಿಗಳನ್ನು ಒಳಗೆ ತೆಗೆದುಕೊಂಡು ಹೋದೆ. ನೀರಿಲ್ಲದ ಮೋರಿಯ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ.

ಭಾನುವಾರ ಪ್ಲಂಬರ್ ಬಂದು ಕೊಳೆತ ಪೈಪನ್ನು ಪೂರಾ ಕಿತ್ತು ಹೊಸದು ಹಾಕಿದ. ಟ್ಯೂಬು ಸುತ್ತಬೇಡಿ ಎಂದು ಅವನು ಹೇಳುವ ಮೊದಲೇ ನಾನು ತಲೆಯಾಡಿಸಿದೆ. ಕರೆಂಟಿನವನು ಗೋಡೆಯ ಸ್ವಿಚ್ಚು ಬಿಚ್ಚಿ, ಒಣಗಿಸಿ, ಎರಡು ಸ್ವಿಚ್ಚು ಬದಲಿಸಿ, ಎಲ್ಲ ಪರೀಕ್ಷಿಸಿದ ಮೇಲೆ ತಾನೇ ಮೇನ್ ಏರಿಸಿದ. ನೀರು ಕುಡಿದ ಪ್ಲಗ್ ಬೋರ್ಡನ್ನು ಎಸೆದೆವು. ಹೊಸದನ್ನು ಗೋಡೆಗೆ, ಸೊಂಟದೆತ್ತರದಲ್ಲಿ ಹೊಡೆಸಿದೆ. ಹಿಂದಿನ ದಿನವೇ ನಿಶ್ಚಿತಾರ್ಥದ ಸಿಹಿ ಹಿಡಿದು ಓಡಿಬಂದಿದ್ದ ಚಾಚಿ, ಎರಡೂ ಚಕ್ರಗಳನ್ನು ತಾವೇ ಮಾಳಿಗೆಗೆ ಒಯ್ದು ವಾಲ್ವುಗಳಿಗೆ ಕೂಡಿಸಿದರು. “ಜಗಳ ಆದ್ರ ಆಗ್ಲಿ ಬೇಟಿ, ಬಾಯಿಲೆ ಆಡೂಣು” ಎಂದರು. ನಾನು ಅವ್ವನನ್ನೂ ಕರೆದೊಯ್ದು, ಯಾವುದು ನಮ್ಮದು, ಯಾವ ಕಡೆಗೆ ತಿರುಗಿಸಬೇಕು ಎಂದು ತೋರಿಸಿದೆ. ಅವಳು ಎರಡು ಸಲ ಮುಚ್ಚಿ, ಎರಡು ಸಲ ತೆರೆದು ನೋಡಿದಳು.

ಮಾಮಾ ಮಧ್ಯಾಹ್ನ ಖಾಲಿ ಟೆಂಪೊ ತಿರುಗಿಸಿದರು. ಸ್ಟಿಯರಿಂಗ್ ಹಿಡಿದೇ ನನ್ನನ್ನು ಹತ್ತಿರ ಕರೆದು, ದನಿ ಇಳಿಸಿ, “ರಜಾದಾಗ ಒಂದ ಸಲ ಬಾ. ಆ ಫರಸಿ ಎಬ್ಬಿಸಬೇಕು” ಎಂದರು. ಅವರ ದನಿ ಇಳಿಯಬಲ್ಲದು ಎಂದು ನನಗೆ ತಿಳಿದದ್ದೇ ಆಗ.

ಸಂಜೆ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದೆವು. ಓಣಿಯ ಕೊನೆಯ ಮನೆಯ ಹೆಂಗಸು ಕಾಗದದಲ್ಲಿ ಸುತ್ತಿದ ಬ್ಲೌಸ್ ಪೀಸು ಹಿಡಿದು ಬಾಗಿಲಿನಲ್ಲಿ ಅನುಮಾನಿಸುತ್ತ ನಿಂತಳು.

“ಮುಂಡಗೋಡಕ್ಕ ಹೊಂಟೀರಂತಲ್ರೀ? ಹೊಲಿದು ಕೊಡೂದಾಕತೈತೇನು?”

ಅವ್ವ ಲೈನಿಂಗ್ ಬಟ್ಟೆಯ ಪೆಟ್ಟಿಗೆಯೊಳಗಿನಿಂದ ಅಳತೆಯ ಟೇಪು ಹುಡುಕಿ ಕೊರಳಿಗೆ ಹಾಕಿಕೊಂಡಳು.

“ಎಲ್ಲಿಗೂ ಹೊಂಟಿಲ್ಲ. ಒಳಗ ಬರ್ರಿ. ಯಾವತ್ತಿಗೆ ಬೇಕು?”